ಕೆಸುವಿನ ದಾಯಾದಿ, ಫಿಲಡೆಲ್ಫಿಯಾದ ಕಾಡಿನಲ್ಲಿ

ಕೆಸುವಿನ ದಾಯಾದಿ! ಫಿಲಡೆಲ್ಫಿಯಾ ನಗರದ ಎಲ್ಲೆಯೊಳಗೇ ಹರಿಯುವ ವಿಸ್ಸಾಹಿಕನ್ ಹೊಳೆಯ ಪಕ್ಕದ ಇಳಿಜಾರಿನಲ್ಲಿ, ಬೀಚ್ ಮರದ ಬುಡದ ತರಗೆಲೆಗಳನ್ನು ಒತ್ತರಿಸಿಕೊಂಡು, ನಮ್ಮ ಪತ್ರೊಡೆಯ ಕೆಸುವಿನ ದಾಯಾದಿಯೊಂದು ಎದ್ದು ನಿಂತಿದೆ. ಮೊಣಕಾಲಿನಷ್ಟು ಎತ್ತರ. ಮೇಲೆ ಕೊಡೆ ಬಿಚ್ಚಿದಂತೆ ಮೂರು ಎಲೆ. ಆ ಎಲೆಗಳ ನೆರಳಿನಲ್ಲಿ, ಯಾರಿಗೂ ಕಾಣಬಾರದೆಂಬಂತೆ, ಒಂದು ಹಸಿರು ಹೂವು. ಹೂವು ಅಂದೆನೇ? ಸಂತೆಯಲ್ಲಿ ಕಡಲೆಕಾಯಿ ಸುತ್ತಿಕೊಡುವ ಕಾಗದದ ಪೊಟ್ಟಣವನ್ನು ನೆನಪಿಸಿಕೊಳ್ಳಿ. ಕೆಳಗೆ ಸಣ್ಣ, ಮೇಲೆ ಅಗಲ, ಬಾಯಿಯ ಒಂದು ಅಂಚು ಉದ್ದಕ್ಕೆ ಬೆಳೆದು ಮುಂದಕ್ಕೆ ಬಾಗಿ ಮುಚ್ಚಳವಾಗಿದೆ. ಮುಚ್ಚಳದ ಒಳಮೈಯಲ್ಲಿ ಕಂದು ನೇರಳೆ ಪಟ್ಟೆಗಳು, ಪಟ್ಟೆಗಳ ನಡುವೆ ಬೆಳಕು ತೂರಿಬರುವಷ್ಟು ತೆಳುವಾದ ತಿಳಿಹಸಿರು. ಮಧ್ಯದಲ್ಲಿ ಕಿರುಬೆರಳಿಗಿಂತ ತೆಳ್ಳಗಿನ ಒಂದು ದಂಡ ನೆಟ್ಟಗೆ ನಿಂತಿದೆ.

ಅಮೆರಿಕದವರು ಇದಕ್ಕೆ ಜ್ಯಾಕ್ ಇನ್ ದ ಪಲ್ಪಿಟ್ ಎನ್ನುತ್ತಾರೆ. ಚರ್ಚಿನ ಪ್ರವಚನಪೀಠದಲ್ಲಿ ನಿಂತ ಪಾದ್ರಿಯನ್ನು ಅವರು ಆ ದಂಡದಲ್ಲಿ ಕಂಡಿದ್ದಾರೆ. ಸಸ್ಯಶಾಸ್ತ್ರದಲ್ಲಿ ಅರಿಸೀಮಾ ಟ್ರೈಫಿಲ್ಲಮ್. 1753ರಲ್ಲಿ ಲಿನೇಯಸ್ ಇದನ್ನು ಅರಮ್ ಕುಲದಲ್ಲಿ ಇಟ್ಟ, ಆಮೇಲೆ ಬಂದವರು ಅರಿಸೀಮಾಕ್ಕೆ ಸೇರಿಸಿದರು. ಹೆಸರು ಸಿಕ್ಕಿತಲ್ಲ, ಗುರುತಿಸುವ ಕೆಲಸ ಮುಗಿಯಿತು ಎಂದು ಮುಂದೆ ನಡೆದುಬಿಡಬೇಡಿ. ಈ ಗಿಡದ ವಿಷಯದಲ್ಲಿ ಹೆಸರು ಬರೀ ಹೊಸ್ತಿಲು. ಇದು ಯಾವ ಗಿಡ ಎಂದು ತಿಳಿದ ಮೇಲೆ, ಈ ವರ್ಷ ಇದು ಏನಾಗಿದೆ ಎಂದು ಕೇಳಬೇಕು. ಹಾಗೆ ಕೇಳಬೇಕಾದ ಹೂವು ಇನ್ನೊಂದನ್ನು ನಾನು ಕಂಡಿಲ್ಲ.

ಮೊದಲು ಜಾಗ, ಕಾಲ. ವಿಸ್ಸಾಹಿಕನ್ ಕಣಿವೆ ಸುಮಾರು 2000 ಎಕರೆಯ ಕಾಡು. ಇಲ್ಲಿನ ಕಲ್ಲು ಶಿಸ್ಟ್. ಅದರಲ್ಲಿ ಅಭ್ರಕ ತುಂಬಿರುವುದರಿಂದ ಕಾಲುದಾರಿಯ ಮಣ್ಣೂ ಬಿಸಿಲಿಗೆ ಮಿನುಗುತ್ತದೆ. ನಮ್ಮೂರಿನಲ್ಲಿ ಯುಗಾದಿ ಮುಗಿದು ಮಾವಿನಕಾಯಿ ಬಲಿಯುವ ಹೊತ್ತಿಗೆ ಇಲ್ಲಿನ ಮರಗಳು ಇನ್ನೂ ಬೋಳು. ಟ್ಯೂಲಿಪ್ ಮರ, ಓಕ್, ಬೀಚ್ ಯಾವುದರಲ್ಲೂ ಎಲೆಯಿಲ್ಲ, ಬಿಸಿಲು ನೇರವಾಗಿ ನೆಲಕ್ಕೆ ಬೀಳುತ್ತದೆ. ಮೇಲಿನ ಚಪ್ಪರ ಮುಚ್ಚಿಕೊಳ್ಳುವ ಮೊದಲಿನ ಈ ಕೆಲವೇ ವಾರಗಳಲ್ಲಿ ನೆಲದ ಗಿಡಗಳು ಎದ್ದು, ಹೂಬಿಟ್ಟು, ಮುಂದಿನ ವರ್ಷಕ್ಕೆ ಬೇಕಾದ ಆಹಾರವನ್ನು ಕೂಡಿಟ್ಟುಕೊಳ್ಳಬೇಕು. ಬಿಳಿ ಬ್ಲಡ್‌ರೂಟ್, ಗುಲಾಬಿ ಗೀರಿನ ಸ್ಪ್ರಿಂಗ್ ಬ್ಯೂಟಿ, ಮಚ್ಚೆ ಎಲೆಯ ಟ್ರೌಟ್ ಲಿಲಿ ಒಂದರ ಹಿಂದೊಂದು ಬಂದು ಹೋಗುತ್ತವೆ. ಹೊಳೆಯಂಚಿನಲ್ಲಿ ಹಳದಿ ಜಮಖಾನೆ ಹಾಸಿದಂತೆ ಕಾಣುವ ಲೆಸ್ಸರ್ ಸೆಲಂಡೈನ್ ಮಾತ್ರ ಇಲ್ಲಿಯದಲ್ಲ. ಯುರೋಪಿನಿಂದ ಬಂದು, ಇಲ್ಲಿಯ ಗಿಡಗಳ ಜಾಗವನ್ನೇ ಆಕ್ರಮಿಸಿಕೊಂಡಿದೆ. ಎಷ್ಟು ಚಂದ ಕಂಡರೂ ಅದರ ಮೇಲೆ ನನಗೆ ಪ್ರೀತಿ ಹುಟ್ಟುವುದಿಲ್ಲ. ಜ್ಯಾಕ್ ಇವೆಲ್ಲಕ್ಕಿಂತ ಕೊಂಚ ನಿಧಾನಿ. ಏಪ್ರಿಲ್ ಕೊನೆಯಲ್ಲಿ ನೆಲದಿಂದ ಚೂಪು ಮೊಳಕೆಯಾಗಿ ಏಳುತ್ತದೆ, ಮೇ ತಿಂಗಳಲ್ಲಿ ಹೂವು. ಉಳಿದ ವಸಂತದ ಹೂಗಳು ಎಲೆ ಸಮೇತ ಮಾಯವಾದ ಮೇಲೂ ನೆರಳಿನಲ್ಲಿ ಬೇಸಿಗೆಯುದ್ದಕ್ಕೂ ನಿಂತಿರುತ್ತದೆ.

ಮೂರು ಎಲೆ ಕಂಡ ಕೂಡಲೇ ಜ್ಯಾಕ್ ಎನ್ನುವಂತಿಲ್ಲ. ಈ ಕಾಡಿನಲ್ಲಿ ಮೂರೆಲೆಯ ಗಿಡ ಬೇಕಾದಷ್ಟಿವೆ. ಅದರಲ್ಲಿ ಒಂದು ಪಾಯ್ಸನ್ ಐವಿ, ಮುಟ್ಟಿದರೆ ಮೈಯೆಲ್ಲ ಬೊಬ್ಬೆ. ಅದರ ಕಾಂಡ ಕಟ್ಟಿಗೆಯಂಥದ್ದು, ನಡುವಿನ ಎಲೆಗೆ ಅಕ್ಕಪಕ್ಕದವುಗಳಿಗಿಂತ ಉದ್ದನೆಯ ತೊಟ್ಟಿರುತ್ತದೆ. ಜ್ಯಾಕ್‌ನ ದಂಟು ಮೆದು, ನೀರು ತುಂಬಿದ್ದು. ಮೂರು ಎಲೆಗಳೂ ತೊಟ್ಟಿಲ್ಲದೆ ಒಂದೇ ಬಿಂದುವಿನಲ್ಲಿ ಕೂಡಿಕೊಂಡಿರುತ್ತವೆ. ಇನ್ನೊಂದು ಟ್ರಿಲಿಯಂ. ಅದರ ಎಲೆಗಳ ನಡುವಿನ ಅಂತರ ಮೂರೂ ಕಡೆ ಸಮ, ಹೂವು ಎಲೆಗಳು ಕೂಡುವ ನಟ್ಟನಡುವಿನಿಂದಲೇ ಮೇಲೆ ಬರುತ್ತದೆ. ಜ್ಯಾಕ್‌ನಲ್ಲಿ ಎರಡು ಎಲೆಗಳು ಎಡಕ್ಕೊಂದು ಬಲಕ್ಕೊಂದು ತೋಳು ಚಾಚಿ, ಮೂರನೆಯದು ಅವುಗಳಿಗೆ ಅಡ್ಡಲಾಗಿ ಮುಂದೆ ಹೋಗುತ್ತದೆ, ಇಂಗ್ಲಿಷಿನ ಟಿ ಅಕ್ಷರದ ಹಾಗೆ. ಹೂವು ತನ್ನದೇ ಬೇರೆ ತೊಟ್ಟಿನ ಮೇಲೆ, ಎಲೆಗಳಿಗಿಂತ ಕೆಳಗೆ.

ಇನ್ನೂ ಅನುಮಾನವಿದ್ದರೆ ಎಲೆಯನ್ನು ಬೆಳಕಿಗೆ ಒಡ್ಡಿ ನೋಡಿ. ನಡುನರದಿಂದ ಹೊರಟ ಸಣ್ಣ ನರಗಳು ಅಂಚಿನವರೆಗೆ ಓಡಿ ಮುಗಿದುಹೋಗುವುದಿಲ್ಲ. ಅಂಚಿಗೆ ಸ್ವಲ್ಪ ಮೊದಲೇ ಬಾಗಿ, ಒಂದಕ್ಕೊಂದು ಕೂಡಿ, ಎಲೆಯ ಸುತ್ತ ಅಂಚಿಗೆ ಸಮಾನಾಂತರವಾಗಿ ಇನ್ನೊಂದು ಗೆರೆಯಾಗುತ್ತವೆ, ಸೀರೆಯಂಚಿನ ಒಳಗೆ ಇನ್ನೊಂದು ಎಳೆ ಓಡಿದ ಹಾಗೆ. ಅಂಗಳದಲ್ಲಿ ಬೆಳೆದ ಕೆಸುವಿನ ಎಲೆಯನ್ನು ಹೀಗೇ ಬಿಸಿಲಿಗೆ ಹಿಡಿದು ನೋಡಿ. ಅದರಲ್ಲೂ ಅಂಚಿನುದ್ದಕ್ಕೂ ಆ ಗೆರೆ ಇದೆ!

ಊರಿಗೆ ಫೋನ್ ಮಾಡಿ ಇದನ್ನು ಹೇಳಿದಾಗ ಅಮ್ಮ ಅರೆಕ್ಷಣವೂ ಯೋಚಿಸಲಿಲ್ಲ. "ಕೆಸುವಿನ ಜಾತಿಯೇ ಆದ್ರೆ ತುರಿಸ್ಲೇಬೇಕು. ತುರಿಸ್ತದಾ ಕೇಳು ಅಲ್ಲಿಯವ್ರನ್ನ" ಅಂದರು. ಎಂಥ ಪರೀಕ್ಷೆ! ತುರಿಸುತ್ತದೆ ಅಮ್ಮ, ಕೆಸುವಿಗಿಂತಲೂ ಜೋರಾಗಿ ತುರಿಸುತ್ತದೆ. ಈ ಗಿಡದ ಎಲೆಯಲ್ಲಿ, ಹಣ್ಣಿನಲ್ಲಿ, ಎಲ್ಲಕ್ಕಿಂತ ಹೆಚ್ಚಾಗಿ ನೆಲದೊಳಗಿನ ಗೆಡ್ಡೆಯಲ್ಲಿ ಕ್ಯಾಲ್ಸಿಯಂ ಆಕ್ಸಲೇಟ್‌ನ ಹರಳುಗಳಿವೆ. ಬರಿಗಣ್ಣಿಗೆ ಕಾಣದ ಸೂಜಿಗಳು, ಕಂತೆಕಂತೆಯಾಗಿ ಜೀವಕೋಶಗಳಲ್ಲಿ ಕೂತಿರುತ್ತವೆ. ಕಚ್ಚಿದವರ ನಾಲಗೆ, ಗಂಟಲು ಉರಿದು ಊದಿಕೊಳ್ಳುತ್ತದೆ. ಸುವರ್ಣಗೆಡ್ಡೆ ಹೆಚ್ಚುವಾಗ ನಾವು ಕೈಗೆ ಎಣ್ಣೆ ಸವರಿಕೊಳ್ಳುವುದೂ, ಪತ್ರೊಡೆಯ ಹಿಟ್ಟಿಗೆ ಹುಣಸೆಹುಳಿಯನ್ನು ಧಾರಾಳವಾಗಿ ಹಾಕುವುದೂ ಇವೇ ಸೂಜಿಗಳ ಭಯಕ್ಕೆ. ಇಲ್ಲಿನ ಮೂಲನಿವಾಸಿಗಳು ಜ್ಯಾಕ್‌ನ ಗೆಡ್ಡೆಯನ್ನು ದೀರ್ಘಕಾಲ ಒಣಗಿಸಿ, ಸುಟ್ಟು, ಉರಿ ಹೋದ ಮೇಲೆ ಹಿಟ್ಟು ಮಾಡಿ ತಿನ್ನುತ್ತಿದ್ದರು. ಅದರಿಂದಲೇ ಗಿಡಕ್ಕೆ ಇಂಡಿಯನ್ ಟರ್ನಿಪ್ ಎಂಬ ಇನ್ನೊಂದು ಹೆಸರು ಬಂತು. ಎರಡು ಖಂಡಗಳ ಅಡುಗೆಮನೆಗಳು, ಒಂದರ ಸುದ್ದಿ ಇನ್ನೊಂದಕ್ಕೆ ಗೊತ್ತಿಲ್ಲದೆ, ಒಂದೇ ಕುಟುಂಬದ ಗಿಡಗಳ ಒಂದೇ ವಿಷವನ್ನು ತಮ್ಮತಮ್ಮ ರೀತಿಯಲ್ಲಿ ಪಳಗಿಸಿದವು! ಆದರೆ ಯಾರೂ ಇದನ್ನು ತಿಂದು ನೋಡುವ ಸಾಹಸಕ್ಕೆ ಹೋಗಬೇಡಿ. ಅದು ತಲೆಮಾರುಗಳ ಅನುಭವದಿಂದ ಬಂದ ವಿದ್ಯೆ.

ಈ ಕುಟುಂಬದ ಹೆಸರು ಅರೇಸಿ. ಮನೆಮುಂದಿನ ಕುಂಡದ ಆಂಥೂರಿಯಂ, ಗೋಡೆಗೆ ಹಬ್ಬಿಸುವ ಮನಿ ಪ್ಲಾಂಟ್ ಎಲ್ಲವೂ ಇದರವೇ. ಒಂದು ದಂಡ, ಅದರ ಮೈತುಂಬ ಅಥವಾ ಬುಡದಲ್ಲಿ ನೂರಾರು ಪುಟಾಣಿ ಹೂಗಳು, ಅದನ್ನು ಸುತ್ತಿದ ಒಂದು ಹಾಳೆ. ಈ ಮನೆತನದ ಚಹರೆಯೇ ಇದು. ಮಲೆನಾಡಿನಲ್ಲಿ ಮೊದಲ ಮಳೆ ಬಿದ್ದೊಡನೆ, ಎಲೆ ಬರುವ ಮೊದಲೇ, ನೆಲ ಸೀಳಿಕೊಂಡು ಸುವರ್ಣಗೆಡ್ಡೆಯ ಹೂವು ಏಳುವುದನ್ನು ಕಂಡವರಿಗೆ, ಅದರ ಕೊಳೆತ ಮಾಂಸದ ವಾಸನೆಗೆ ಮೂಗು ಮುಚ್ಚಿಕೊಂಡವರಿಗೆ, ಜ್ಯಾಕ್‌ನ ಮುಖ ನೋಡಿದೊಡನೆ ಗುರುತು ಹತ್ತುತ್ತದೆ. ವಿಸ್ಸಾಹಿಕನ್ ಪಕ್ಕದ ಜೌಗಿನಲ್ಲಿ ಇದೇ ಮನೆತನದ ಮತ್ತೊಂದು ಗಿಡ ಇದೆ, ಸ್ಕಂಕ್ ಕ್ಯಾಬೇಜ್. ಅದು ಹಿಮ ಕರಗುವವರೆಗೆ ಕಾಯುವುದೇ ಇಲ್ಲ. ತನ್ನ ಹೂವಿನಲ್ಲಿ ತಾನೇ ಶಾಖ ಹುಟ್ಟಿಸಿ, ಹಿಮವನ್ನು ಕರಗಿಸಿಕೊಂಡು ಮೇಲೆ ಬರುತ್ತದೆ! ಎಂಥೆಂಥ ನೆಂಟರು!

ಈಗ ಮೊಣಕಾಲೂರಿ ಕೂರಿ. ಬೆರಳ ತುದಿಯಿಂದ ಆ ಮುಚ್ಚಳವನ್ನು ಮೆಲ್ಲಗೆ ಮೇಲಕ್ಕೆತ್ತಿ. ಗಿಡಕ್ಕೇನೂ ಆಗುವುದಿಲ್ಲ, ಬಿಟ್ಟರೆ ಮತ್ತೆ ತನ್ನ ಜಾಗಕ್ಕೆ ಬಾಗುತ್ತದೆ. ದಂಡದ ಮೇಲ್ಭಾಗ ಬರೀ ನುಣುಪು, ಅಲ್ಲಿ ಹೂವೇ ಇಲ್ಲ. ನಿಜವಾದ ಹೂಗಳು ತಳದಲ್ಲಿವೆ, ಕೊಳವೆಯ ಕತ್ತಲಲ್ಲಿ. ಮೊಬೈಲಿನ ಟಾರ್ಚ್ ಹಾಕಿ ಇಣುಕಿದರೆ ಎರಡರಲ್ಲಿ ಒಂದು ಕಾಣುತ್ತದೆ. ಒಂದೋ ದಂಡದ ಬುಡಕ್ಕೆ ಅಂಟಿದ ಸಣ್ಣ ಸಣ್ಣ ಕೇಸರಗಳು, ಕೊಳವೆಯ ತಳದಲ್ಲಿ ಉದುರಿದ ಪರಾಗದ ಪುಡಿ. ಅದು ಗಂಡು. ಅಥವಾ ಒತ್ತೊತ್ತಾಗಿ ಕೂತ ಉರುಟು ಹಸಿರು ಕಾಯಿಗಳು, ಪ್ರತಿಯೊಂದರ ನೆತ್ತಿಯಲ್ಲೂ ಒಂದು ಪುಟ್ಟ ಬಿಳಿ ಕುಚ್ಚು. ಅದು ಹೆಣ್ಣು. ಹೊರಗಿನ ಪಟ್ಟೆ ನೇರಳೆಯೋ ಹಸಿರೋ ಎನ್ನುವುದರಿಂದ ಇದನ್ನು ಹೇಳಲಾಗದು. ಎಲೆಗಳನ್ನು ನೋಡಿ ಬಹುಮಟ್ಟಿಗೆ ಊಹಿಸಬಹುದು. ಇಲ್ಲಿಯವರೆಗೆ ಮೂರು ಎಲೆ ಎಂದದ್ದು ನಿಜಕ್ಕೆ ಒಂದೇ ಎಲೆಯ ಮೂರು ಭಾಗ. ಅಂಥ ಎಲೆ ಒಂದೇ ಇದ್ದರೆ ಸಾಮಾನ್ಯವಾಗಿ ಗಂಡು, ಎರಡಿದ್ದರೆ ಸಾಮಾನ್ಯವಾಗಿ ಹೆಣ್ಣು.

ಟಾರ್ಚ್ ಆರಿಸಬೇಡಿ, ಇನ್ನೊಂದಿದೆ. ಗಂಡು ಹೂವಿನ ಕೊಳವೆಯ ಬುಡದಲ್ಲಿ, ಹಾಳೆಯ ಎರಡು ಅಂಚುಗಳು ಒಂದರ ಮೇಲೊಂದು ಬರುವ ಕಡೆ, ಒಂದು ಸಣ್ಣ ಕಂಡಿ ಇದೆ. ಹೆಣ್ಣು ಹೂವಿನಲ್ಲಿ ಆ ಕಂಡಿ ಇಲ್ಲ. ಈ ಒಂದು ಕಂಡಿಯಲ್ಲಿ ಇಡೀ ನಾಟಕ ಅಡಗಿದೆ! ಜ್ಯಾಕ್‌ಗೆ ಪರಾಗ ಹೊರುವುದು ಜೇನಲ್ಲ, ಚಿಟ್ಟೆಯಲ್ಲ. ಅಣಬೆ ತಿಂದು ಬೆಳೆಯುವ ಸಣ್ಣ ನುಸಿಗಳು. ಅವು ಮುಚ್ಚಳದಡಿಯಿಂದ ಒಳಗೆ ಇಳಿಯುತ್ತವೆ. ಒಳಗೋಡೆ ಜಾರುತ್ತದೆ, ಹತ್ತಲಾಗುವುದಿಲ್ಲ. ಗಂಡು ಹೂವಿನಲ್ಲಿ ಅವು ಒದ್ದಾಡುತ್ತ ಮೈಗೆಲ್ಲ ಪರಾಗ ಬಳಿದುಕೊಂಡು, ತಳದ ಕಂಡಿಯಲ್ಲಿ ತೂರಿ ಪಾರಾಗುತ್ತವೆ. ಪಾರಾದದ್ದೇ ತಡ, ಕೆಲವು ಇನ್ನೊಂದು ಹೂವಿಗೆ ಇಳಿಯುತ್ತವೆ. ಅದು ಹೆಣ್ಣಾದರೆ ಮುಗಿಯಿತು. ಕಂಡಿ ಇಲ್ಲ. ಹೊರದಾರಿ ಹುಡುಕುತ್ತ ತಿರುಗಿ ತಿರುಗಿ, ಹೊತ್ತು ತಂದ ಪರಾಗವನ್ನೆಲ್ಲ ಆ ಬಿಳಿ ಕುಚ್ಚುಗಳಿಗೆ ಒರಸಿ, ಅಲ್ಲೇ ಸಾಯುತ್ತವೆ. ಹೆಣ್ಣು ಹೂವಿನ ತಳದಲ್ಲಿ ಕರಿ ಚುಕ್ಕೆಗಳಂತೆ ಬಿದ್ದಿರುವುದು ಅವುಗಳ ಹೆಣ. ಒಂದು ತೊಟ್ಟು ಮಕರಂದದ ಸಂಭಾವನೆಯೂ ಇಲ್ಲ! ಇಷ್ಟು ನಿಷ್ಕರುಣೆಯ, ಇಷ್ಟು ಅಚ್ಚುಕಟ್ಟಾದ ಏರ್ಪಾಡನ್ನು ಒಂದು ಹಸಿರು ಹಾಳೆಯ ಮಡಿಕೆಯೊಳಗೆ ನೋಡಿ ನಾನು ಎಷ್ಟೋ ಹೊತ್ತು ಅಲ್ಲಿಂದ ಏಳಲಾಗಲಿಲ್ಲ.

ಈ ಗಂಡು, ಈ ಹೆಣ್ಣು ಎಂದು ಹೇಳಿದೆನಲ್ಲ, ಅದು ಈ ವರ್ಷದ ಮಾತು. ಹೋದ ವರ್ಷ ಈ ಹೆಣ್ಣು ಗಂಡಾಗಿದ್ದಿರಬಹುದು. ಮುಂದಿನ ವರ್ಷ ಮತ್ತೆ ಗಂಡಾಗಬಹುದು. ಹೂವೇ ಬಿಡದೆ ಬರೀ ಎಲೆಯಾಗಿ ನಿಲ್ಲಲೂಬಹುದು. ಜ್ಯಾಕ್ ತನ್ನ ಆಯುಷ್ಯದಲ್ಲಿ ಲಿಂಗ ಬದಲಿಸುವ ಗಿಡ! ಬೀಜದಿಂದ ಮೊಳೆತ ಗಿಡ ಕೆಲವು ವರ್ಷ ಹೂವಿನ ಗೋಜಿಗೇ ಹೋಗದೆ ಗೆಡ್ಡೆ ಬೆಳೆಸುತ್ತದೆ. ಗೆಡ್ಡೆ ಒಂದು ಮಟ್ಟಕ್ಕೆ ಬಂದಾಗ ಗಂಡು ಹೂವು, ಏಕೆಂದರೆ ಪರಾಗ ಮಾಡುವುದು ಅಗ್ಗದ ಕೆಲಸ. ಗೆಡ್ಡೆ ಇನ್ನೂ ದಪ್ಪವಾಗಿ ಉಗ್ರಾಣ ತುಂಬಿದ ವರ್ಷ ಹೆಣ್ಣು ಹೂವು. ಕಾಯಿ ಕಟ್ಟಿ ಹಣ್ಣು ಮಾಡುವಷ್ಟರಲ್ಲಿ ಉಗ್ರಾಣ ಬರಿದಾಗುತ್ತದೆ, ಮುಂದಿನ ವಸಂತದಲ್ಲಿ ಅದೇ ಗಿಡ ಗಂಡಾಗಿ ಎದ್ದು ಸುಧಾರಿಸಿಕೊಳ್ಳುತ್ತದೆ. ಮತ್ತೂ ಅಚ್ಚರಿಯೆಂದರೆ ಈ ನಿರ್ಧಾರ ಆಗುವುದು ವಸಂತದಲ್ಲಲ್ಲ. ಮುಂದಿನ ವರ್ಷದ ಹೂವಿನ ಮೊಗ್ಗು ಹಿಂದಿನ ಬೆಳೆಗಾಲ ಮುಗಿಯುವಷ್ಟರಲ್ಲೇ ನೆಲದೊಳಗೆ ರೂಪುಗೊಂಡಿರುತ್ತದೆ. ಇವತ್ತು ನಾವು ಇಣುಕಿ ನೋಡಿದ್ದು ಹೋದ ವರ್ಷದ ಬಿಸಿಲು, ನೀರು, ಗೊಬ್ಬರದ ಲೆಕ್ಕ.

ಇದನ್ನು ಪ್ರಯೋಗ ಮಾಡಿ ತೋರಿಸಿದವರಲ್ಲಿ ಒಹಾಯೋದ ಜಾನ್ ಶಾಫ್ನರ್ ಒಬ್ಬರು. 1922ರಲ್ಲಿ ಅವರು ಪ್ರಕಟಿಸಿದ ಪ್ರಬಂಧದ ಸಾರ ಇದು: ಒಳ್ಳೆಯ ಮಣ್ಣು, ನೀರು ಕೊಟ್ಟರೆ ಗಂಡು ಹೆಣ್ಣಾಗುತ್ತದೆ, ಸೊರಗಿಸಿದರೆ ಹೆಣ್ಣು ಗಂಡಾಗುತ್ತದೆ. 1981ರಲ್ಲಿ ಡೇವಿಡ್ ಪೋಲಿಕಾನ್ಸ್ಕಿ, ಗಾತ್ರಕ್ಕೂ ಲಿಂಗಕ್ಕೂ ಇರುವ ನಂಟನ್ನು ಲೆಕ್ಕಾಚಾರ ಮಾಡಿ ಬರೆದರು. ನನ್ನ ಮನಸ್ಸಿಗೆ ಎಲ್ಲಕ್ಕಿಂತ ಹಿಡಿಸಿದ್ದು ಪಾಲೆಟ್ ಬಿಯರ್ಜಿಚುಡೆಕ್ ಅವರ ಕೆಲಸ. ನ್ಯೂಯಾರ್ಕ್ ರಾಜ್ಯದ ಇಥಾಕಾ ಹತ್ತಿರದ ಕಾಡುಗಳಲ್ಲಿ ಒಂದೊಂದೇ ಗಿಡವನ್ನು ಗುರುತು ಮಾಡಿ, ವರ್ಷದಿಂದ ವರ್ಷಕ್ಕೆ ಯಾವುದು ಗಂಡಾಯಿತು, ಯಾವುದು ಹೆಣ್ಣಾಯಿತು, ಯಾವುದು ಸತ್ತಿತು ಎಂದು ಬರೆದಿಟ್ಟುಕೊಂಡು, 1982ರಲ್ಲಿ ಈ ಗಿಡದ ಜನಗಣತಿಯನ್ನೇ ಪ್ರಕಟಿಸಿದರು. ಕೈಯಿಂದಲೇ ಪರಾಗ ಹಚ್ಚಿ ನೋಡಿದಾಗ ಗಿಡಗಳು ಎಷ್ಟೋ ಹೆಚ್ಚು ಬೀಜ ಕಟ್ಟಿದವು. ಅಂದರೆ ಇಲ್ಲಿ ಕೊರತೆ ಗಿಡದ ಶಕ್ತಿಯದ್ದಲ್ಲ, ಆ ನುಸಿಗಳದ್ದು. ಕಾಡಿನಲ್ಲಿ ಬಹಳಷ್ಟು ಹೆಣ್ಣು ಹೂಗಳು ನುಸಿಗಾಗಿ ಕಾದು ಕಾದು, ಬೀಜವಿಲ್ಲದೆ ಬಾಡುತ್ತವೆ.

ಇಂಥ ಗಿಡ ಅಮೆರಿಕಕ್ಕೆ ಬಂದದ್ದಾದರೂ ಹೇಗೆ? ಅರಿಸೀಮಾ ಕುಲದಲ್ಲಿ ಸುಮಾರು ಇನ್ನೂರು ಪ್ರಭೇದಗಳಿವೆ, ಹೆಚ್ಚಿನವೆಲ್ಲ ಏಷ್ಯಾದವು. ಹಿಮಾಲಯ, ಚೀನಾ, ಜಪಾನ್ ತುಂಬ ಇವೆ. ನಮ್ಮ ಪಶ್ಚಿಮಘಟ್ಟದಲ್ಲೂ ಇವೆ. ಮಳೆ ಹಿಡಿದ ಮೇಲೆ ಎತ್ತರದ ಕಾಡುಗಳಲ್ಲಿ ಹೆಡೆ ಬಾಗಿಸಿ ನಿಲ್ಲುವ, ಇಂಗ್ಲಿಷಿನಲ್ಲಿ ಕೋಬ್ರಾ ಲಿಲಿ ಎನ್ನುವ ಗಿಡ ಇದರ ಸ್ವಂತ ಕುಲದ್ದೇ. ಕೆಸು ದೂರದ ದಾಯಾದಿಯಾದರೆ ಅದು ಒಡಹುಟ್ಟು! ಉತ್ತರ ಅಮೆರಿಕದಲ್ಲಿ ಇರುವುದು ಬೆರಳೆಣಿಕೆಯಷ್ಟು. ಹೀಗೆ ಪೂರ್ವ ಏಷ್ಯಾದಲ್ಲೊಂದು, ಪೂರ್ವ ಅಮೆರಿಕದಲ್ಲೊಂದು, ನಡುವೆ ಏನೂ ಇಲ್ಲದೆ ಹಂಚಿಹೋದ ಗಿಡಗಳ ಪಟ್ಟಿ ಉದ್ದವಿದೆ. ಹಾರ್ವರ್ಡಿನ ಏಸಾ ಗ್ರೇ ಇದನ್ನು ಗಮನಿಸಿ, 1859ರಲ್ಲಿ ಜಪಾನಿನ ಸಸ್ಯಗಳ ಬಗ್ಗೆ ಬರೆಯುತ್ತ, ಎರಡೂ ಕಡೆಯವು ಒಂದೇ ಪೂರ್ವಿಕರ ಸಂತಾನ, ಹಿಂದೊಮ್ಮೆ ಉತ್ತರದ ಮೂಲಕ ಹರಡಿದ್ದ ಕಾಡು ಹಿಮಯುಗದ ಚಳಿಗೆ ತುಂಡಾಯಿತು ಎಂದು ವಾದಿಸಿದರು. ಡಾರ್ವಿನ್‌ನ ಗ್ರಂಥ ಹೊರಬಂದದ್ದೂ ಅದೇ ವರ್ಷ, ಗ್ರೇ ಅವನ ಪತ್ರಮಿತ್ರ. ಏಷ್ಯಾಕ್ಕೂ ಅಲಾಸ್ಕಾಕ್ಕೂ ನಡುವೆ ನೆಲದ ಸೇತುವೆ ಇದ್ದ ಕಾಲದಲ್ಲಿ ಬಂದವರ ಮೊಮ್ಮಕ್ಕಳು ಈ ಬೀಚ್ ಮರದಡಿ ನಿಂತಿದ್ದಾರೆ.

ಈ ಹೂವಿನ ಮುಂದೆ ಮರುಳಾದವರಲ್ಲಿ ಒಬ್ಬ ಮಹಾ ಕಲಾವಿದೆಯೂ ಇದ್ದಾಳೆ. ಜಾರ್ಜಿಯಾ ಓಕೀಫ್ ಶಾಲೆಯಲ್ಲಿದ್ದಾಗ ಚಿತ್ರಕಲೆಯ ಟೀಚರೊಬ್ಬರು ಒಂದು ಜ್ಯಾಕ್ ಹೂವನ್ನು ಎತ್ತಿಹಿಡಿದು, ಅದರ ಬಣ್ಣ, ಆಕಾರಗಳನ್ನು ತೋರಿಸಿಕೊಟ್ಟಿದ್ದರಂತೆ. 1930ರಲ್ಲಿ, ನ್ಯೂಯಾರ್ಕ್ ರಾಜ್ಯದ ಲೇಕ್ ಜಾರ್ಜ್‌ನಲ್ಲಿ, ಅವಳು ಇದನ್ನೇ ಆರು ಚಿತ್ರಗಳಾಗಿ ಬರೆದಳು. ಮೊದಲನೆಯದರಲ್ಲಿ ಹೂವು ಹೂವಾಗಿಯೇ ಇದೆ. ಬರಬರುತ್ತ ಹತ್ತಿರ ಹತ್ತಿರ ಹೋಗಿ, ಕೊನೆಯದರಲ್ಲಿ ಉಳಿಯುವುದು ಕಪ್ಪು ದಂಡ, ಅದರ ಸುತ್ತ ಬೆಳಕು. ಐದು ಚಿತ್ರಗಳು ಈಗ ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿವೆ. ಮುಚ್ಚಳ ಎತ್ತಿ ನೋಡಿದವರಿಗೆ ಆ ಕೊನೆಯ ಚಿತ್ರ ಕಲ್ಪನೆ ಎನಿಸುವುದಿಲ್ಲ, ಕಂಡದ್ದನ್ನೇ ಬರೆದಂತಿದೆ.

ನನ್ನನ್ನು ಕಾಡುತ್ತಿರುವುದು ಜಿಂಕೆಗಳ ವಿಷಯ. ಪೆನ್ಸಿಲ್ವೇನಿಯಾದ ಕಾಡುಗಳಲ್ಲಿ ಬಿಳಿಬಾಲದ ಜಿಂಕೆಗಳು ಮಿತಿಮೀರಿವೆ. ಟ್ರಿಲಿಯಂ ಕಂಡರೆ ಬುಡಸಮೇತ ಮೇಯುತ್ತವೆ. ಜ್ಯಾಕ್‌ಗೆ ಸೂಜಿಗಳ ರಕ್ಷೆ ಇದೆ, ಅಷ್ಟಾಗಿ ಬಾಯಿ ಹಾಕುವುದಿಲ್ಲ. ಹಾಗಾದರೆ ಇದು ಬಚಾವಾಯಿತು ಎಂದುಕೊಳ್ಳುತ್ತೇವೆ. ಆದರೆ ಇದೇ ರಾಜ್ಯದಲ್ಲಿ ನಡೆದ ಅಧ್ಯಯನ ಬೇರೆಯೇ ಹೇಳುತ್ತದೆ. ಜಿಂಕೆ ಹೆಚ್ಚಿದ ಕಡೆ ನೆಲ ತುಳಿತಕ್ಕೆ ಗಟ್ಟಿಯಾಗುತ್ತದೆ, ತರಗೆಲೆಯ ಹೊದಿಕೆ ತೆಳುವಾಗುತ್ತದೆ, ಜ್ಯಾಕ್‌ನ ಗಿಡಗಳು ಸಣ್ಣದಾಗುತ್ತವೆ. ಸಣ್ಣದಾದರೆ? ಗಂಡಾಗುತ್ತವೆ. ಬಾಯಿ ಹಾಕದೆಯೇ ಜಿಂಕೆಗಳು ಈ ಹೂವಿನ ಸಂಸಾರದಲ್ಲಿ ಹೆಣ್ಣುಗಳನ್ನು ಕಡಿಮೆ ಮಾಡುತ್ತಿವೆ, ಬೀಜ ಕಡಿಮೆಯಾಗುತ್ತಿದೆ. ಹೊರಗಿನಿಂದ ನೋಡಿದರೆ ಕಾಡಿನಲ್ಲಿ ಜ್ಯಾಕ್‌ಗೇನೂ ಬರವಿಲ್ಲ. ಮುಚ್ಚಳ ಎತ್ತಿ ಎಣಿಸಿದವರಿಗೆ ಮಾತ್ರ ಗೊತ್ತಾಗುವ ಸಂಕಟ ಇದು. ಕಾಡು ಸುತ್ತುವ ಪ್ರತಿಯೊಬ್ಬರೂ ಗಿಡದ ಹೆಸರಷ್ಟನ್ನೇ ಬರೆದುಕೊಳ್ಳದೆ, ಪಕ್ಕದಲ್ಲಿ ಗಂಡೋ ಹೆಣ್ಣೋ ಎಂದೂ ಬರೆದುಕೊಂಡರೆ ಎಷ್ಟು ಚೆನ್ನ!

ಮೇ ತಿಂಗಳಲ್ಲಿ ಹೋಗಲಾಗದವರು ಆಗಸ್ಟ್ ಕೊನೆಗೆ, ಸೆಪ್ಟೆಂಬರಿಗೆ ಹೋಗಿ. ಎಲೆ ಹಳದಿಯಾಗಿ ನೆಲಕ್ಕೆ ಮಲಗಿರುತ್ತದೆ, ಹಾಳೆ ಒಣಗಿ ಕಳಚಿರುತ್ತದೆ. ಉಳಿದಿರುವುದು ದಂಟಿನ ತುದಿಯಲ್ಲಿ ಒಂದು ಕೆಂಪು ಗೊಂಚಲು, ಎಷ್ಟು ಕೆಂಪೆಂದರೆ ಇಳಿಜಾರಿನ ಆಚೆಯಿಂದಲೂ ಕಣ್ಣಿಗೆ ಹೊಡೆಯುತ್ತದೆ. ಆಗ ಇಣುಕುವ ಅಗತ್ಯವೇ ಇಲ್ಲ, ಅದು ಈ ವರ್ಷ ಹೆಣ್ಣಾಗಿದ್ದದ್ದು, ಒಂದಾದರೂ ನುಸಿ ಪರಾಗ ಹೊತ್ತು ಅದರೊಳಕ್ಕೆ ಇಳಿದದ್ದು ಖಚಿತ. ಹಣ್ಣು ಮುಟ್ಟಬೇಡಿ, ಹಕ್ಕಿಗಳಿಗೆ ಬಿಡಿ. ಪಕ್ಕದ ಬಂಡೆಯನ್ನೋ ಮರವನ್ನೋ ಗುರುತಿಟ್ಟುಕೊಂಡು ಬನ್ನಿ. ಅಷ್ಟು ಹಣ್ಣು ಹೊತ್ತ ಆ ಗಿಡ ಮುಂದಿನ ಮೇ ತಿಂಗಳಲ್ಲಿ ಬಹುಶಃ ಗಂಡಾಗಿ ಎದ್ದಿರುತ್ತದೆ, ಬುಡದಲ್ಲಿ ಆ ಸಣ್ಣ ಕಂಡಿಯ ಸಮೇತ.